ಹೊಸ ಸಣ್ಣ ಕಾರು, ಅದೂ ಗೇರ್ ಗಾಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರು, ಸಹೋದ್ಯೋಗಿಗಳು ಮತ್ತು ಪತ್ರ ಬರೆಯುವ ಓದುಗರು ಹೊಸ ಕಾರು ಕೊಳ್ಳುವ ಮೊದಲೂ ಕೊಂಡ ಮೇಲೂ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ನಮ್ಮ ಮನೆ ಸಕಲೇಶಪುರದ ಕಡೆ ಇರುವುದರಿಂದ ಘಾಟಿಯ ಮಾತು ಸ್ವಲ್ಪ ಹೆಚ್ಚೇ ಬಂದಿದೆ. ಬಯಲುಸೀಮೆಯವರಿಗೂ ವರ್ಷಕ್ಕೊಮ್ಮೆ ಧರ್ಮಸ್ಥಳದ ದಾರಿಯಲ್ಲಿ ಅದು ಬೇಕಾಗುತ್ತದೆ.

## ಕೊಳ್ಳುವ ಮುನ್ನ

ಎಲ್ಲರೂ ಆಟೊಮ್ಯಾಟಿಕ್ ಕಡೆ ಹೋಗುತ್ತಿರುವಾಗ ಈಗ ಗೇರ್ ಗಾಡಿ ತಗೊಳ್ಳೋದು ದಡ್ಡತನ ಅಲ್ವಾ?

ಅಲ್ಲ. ಆದರೆ ನಿಮ್ಮ ದಿನದ ದಾರಿ ಯಾವುದು ಎಂಬುದನ್ನು ಮೊದಲು ನೋಡಿಕೊಳ್ಳಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟಿ ದಿನಕ್ಕೆ ಎರಡು ಹೊತ್ತು ಕಚೇರಿಗೆ ಹೋಗಿಬರುವವರಿಗೆ, ಎಡ ಮೊಣಕಾಲಿನ ನೋವಿರುವವರಿಗೆ ಆಟೊಮ್ಯಾಟಿಕ್ ತೆಗೆದುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಜಿಲ್ಲಾ ಕೇಂದ್ರ, ತಾಲ್ಲೂಕು, ಹಳ್ಳಿ, ತೋಟ, ಘಾಟಿ ಇವುಗಳ ನಡುವೆ ಓಡಾಡುವ ಕುಟುಂಬಕ್ಕೆ ಮಾತ್ರ ಸಣ್ಣ ಎಂಜಿನ್ ಮತ್ತು ಗೇರ್ ಸೇರಿದ ಗಾಡಿಯೇ ಹೊಂದುತ್ತದೆ. ಬೆಲೆ ಕಡಿಮೆ, ರಿಪೇರಿ ಮಾಡಬಲ್ಲ ಮೆಕ್ಯಾನಿಕ್ ಊರೂರಿನಲ್ಲಿ ಸಿಗುತ್ತಾನೆ, ಏರಿನಲ್ಲಿ ಯಾವ ಗೇರ್ ಬೇಕೆಂಬ ನಿರ್ಧಾರ ಮುಂದಿನ ತಿರುವನ್ನು ಕಣ್ಣಾರೆ ಕಾಣುತ್ತಿರುವ ಚಾಲಕನ ಕೈಯಲ್ಲಿಯೇ ಇರುತ್ತದೆ. ಸಣ್ಣ ಎಂಜಿನ್‌ನಿಂದ ಪೂರ್ತಿ ಕೆಲಸ ತೆಗೆಯಬೇಕಾದ ಜಾಗದಲ್ಲಿ ಈ ಕೊನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ನಾಲ್ಕು ಮೀಟರ್ ಒಳಗಿನ ಕಾರು’ ಅಂತಾರಲ್ಲ, ಹಾಗಂದ್ರೆ ಏನು?

2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಇಳಿಸಿದಾಗ ‘ಸಣ್ಣ ಕಾರು’ ಎಂದರೆ ಯಾವುದು ಎಂಬುದಕ್ಕೂ ಒಂದು ಅಳತೆ ಹಾಕಲಾಯಿತು. ಉದ್ದ 4,000 ಮಿಲಿಮೀಟರ್ ಮೀರಬಾರದು. ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಎಂಜಿನ್ 1,500 ಸಿಸಿ ಮೀರಬಾರದು. ನಮ್ಮ ರಸ್ತೆಯ ಇಷ್ಟೊಂದು ಕಾರುಗಳು 3,990 ಮಿ.ಮೀ. ಆಸುಪಾಸಿನಲ್ಲಿ ಬಂದು ನಿಂತಿರುವುದಕ್ಕೆ ಈ ಗೆರೆಯೇ ಕಾರಣ. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯೊಳಗಿನ ಕಾರುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಅದರ ಮೇಲಿದ್ದ ಸೆಸ್ ಕೂಡ ಹೋಗಿದೆ. ಅಳತೆ ಮೀರಿದ ಕಾರುಗಳಿಗೆ ಶೇ. 40 ಬೀಳುತ್ತದೆ.

ಮ್ಯಾನುಯಲ್‌ನಲ್ಲಿ ಯಾವ ಯಾವ ಸಣ್ಣ ಕಾರು ಸಿಗುತ್ತೆ? ಒಂದೇ ಹೆಸರು ಹೇಳಿ ಅಂದ್ರೆ ಯಾವುದು ಹೇಳ್ತೀರಿ?

ಮಾರುತಿಯ ಆಲ್ಟೊ ಕೆ10, ವ್ಯಾಗನ್ ಆರ್, ಸ್ವಿಫ್ಟ್, ಬಲೆನೊ; ಟೊಯೊಟಾದ ಗ್ಲಾನ್ಝಾ; ಹ್ಯುಂಡೈನ ಗ್ರ್ಯಾಂಡ್ ಐ10 ನಿಯೋಸ್, ಐ20; ಟಾಟಾದ ಟಿಯಾಗೊ, ಆಲ್ಟ್ರೋಜ್; ರೆನೊದ ಕ್ವಿಡ್. ಇವೆಲ್ಲವೂ ಐದು ಗೇರಿನ ಮ್ಯಾನುಯಲ್‌ನಲ್ಲಿ ಬರುತ್ತವೆ. ಕೆಳಗಿನ ವೇರಿಯಂಟ್‌ಗಳಲ್ಲಂತೂ ಸಾಮಾನ್ಯವಾಗಿ ಮ್ಯಾನುಯಲ್ ಬಿಟ್ಟು ಬೇರೆ ಆಯ್ಕೆಯೇ ಇರುವುದಿಲ್ಲ.

ಎಂಜಿನ್ ಬಗ್ಗೆ ಒಂದು ಮಾತು ಹೇಳಬೇಕು. ಆಲ್ಟೊ ಮತ್ತು ಕ್ವಿಡ್‌ಗಳದ್ದು ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್. ಟಿಯಾಗೊ, ಪೆಟ್ರೋಲ್ ಆಲ್ಟ್ರೋಜ್ ಮತ್ತು 2024ರ ನಂತರದ ಸ್ವಿಫ್ಟ್ 1.2 ಲೀಟರ್ ಆದರೂ ಮೂರೇ ಸಿಲಿಂಡರಿನವು. ಬಲೆನೊ, ಗ್ಲಾನ್ಝಾ, ನಿಯೋಸ್, ಐ20 ನಾಲ್ಕು ಸಿಲಿಂಡರಿನವು. ನಿಧಾನದಲ್ಲಿ ಮೇಲಿನ ಗೇರ್ ಹಾಕಿದರೂ ಇವು ಅಷ್ಟು ನಡುಗುವುದಿಲ್ಲ. ನಾಲ್ಕು ಜನ ಕೂತು, ಡಿಕ್ಕಿ ತುಂಬಿಸಿ ಘಾಟಿ ಹತ್ತುವ ಮನೆಯವರು ಒಂದು ಲೀಟರಿನ ಗಾಡಿಯನ್ನು ಬಿಟ್ಟುಬಿಡುವುದು ಒಳ್ಳೆಯದು.

ಒಂದೇ ಹೆಸರು ಕೇಳಿದರೆ, ಮನೆಯಲ್ಲಿ ವಯಸ್ಸಾದವರಿದ್ದರೆ 1.2 ಲೀಟರ್ ಎಂಜಿನ್‌ನ ವ್ಯಾಗನ್ ಆರ್ ಎನ್ನುತ್ತೇನೆ. ಅದರ ಎತ್ತರ 1,675 ಮಿ.ಮೀ. ಇರುವುದರಿಂದ ಅಜ್ಜಿ ಬಗ್ಗಿ ಇಳಿಯಬೇಕಿಲ್ಲ, ಸೀರೆ ಸೆರಗು ಸರಿಮಾಡಿಕೊಂಡು ಕುರ್ಚಿಯಿಂದ ಏಳುವಂತೆ ಏಳಬಹುದು. ಹೆದ್ದಾರಿಯ ಓಡಾಟ ಹೆಚ್ಚಿದ್ದು ಗಾಡಿಯ ಗಟ್ಟಿತನವೇ ಮುಖ್ಯ ಎನ್ನುವವರು ಆಲ್ಟ್ರೋಜ್ ನೋಡಲಿ. ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಅದಕ್ಕೆ ಐದು ನಕ್ಷತ್ರ, ಟಿಯಾಗೊಗೆ ನಾಲ್ಕು ನಕ್ಷತ್ರ ಬಂದಿದ್ದವು.

ಎಎಂಟಿ ಅಂದ್ರೂ ಆಟೊಮ್ಯಾಟಿಕ್ಕೇ ತಾನೆ? ಮೈಲೇಜ್ ಕಡಿಮೆ ಕೊಡುತ್ತಂತೆ?

ಎಎಂಟಿಯ ಒಳಗಿರುವುದು ಗೇರ್ ಗಾಡಿಯ ಅದೇ ಗೇರ್‌ಬಾಕ್ಸ್, ಅದೇ ಕ್ಲಚ್. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುವ ಕೆಲಸವನ್ನು ಅಲ್ಲಿ ಒಂದು ಯಂತ್ರ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಭಾರತದಲ್ಲಿ ಇದು ಮೊದಲು ಬಂದದ್ದು 2014ರ ಫೆಬ್ರವರಿಯಲ್ಲಿ, ಮಾರುತಿ ಸೆಲೆರಿಯೊ ಮೂಲಕ. ಮೈಲೇಜ್ ಕಡಿಮೆ ಎಂಬುದು ಹಳೆಯ ಕಾಲದ ಆಟೊಮ್ಯಾಟಿಕ್‌ಗಳಿಂದ ಉಳಿದುಕೊಂಡ ನಂಬಿಕೆ. 2024ರ ಸ್ವಿಫ್ಟ್‌ಗೆ ಕಂಪನಿ ಹೇಳುವ ಅಂಕಿ ಮ್ಯಾನುಯಲ್‌ನಲ್ಲಿ ಲೀಟರಿಗೆ 24.80 ಕಿ.ಮೀ., ಎಎಂಟಿಯಲ್ಲಿ 25.75 ಕಿ.ಮೀ. ಆದ್ದರಿಂದ ಮೈಲೇಜ್ ಆಸೆಗಾಗಿ ಮಾತ್ರ ಮ್ಯಾನುಯಲ್ ಆರಿಸಬೇಡಿ. ಕಾರಣ ಬೆಲೆ ಮತ್ತು ಹಿಡಿತ ಆಗಿರಲಿ.

## ಷೋರೂಂನಲ್ಲಿ

ಎಕ್ಸ್-ಷೋರೂಂ ಬೆಲೆಗೂ ಆನ್-ರೋಡ್ ಬೆಲೆಗೂ ಇಷ್ಟೊಂದು ಅಂತರ ಯಾಕೆ?

ಅದರಲ್ಲಿ ದೊಡ್ಡ ಪಾಲು ರಾಜ್ಯದ ಜೀವಿತಾವಧಿ ತೆರಿಗೆಯದು. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಬೆಲೆ 5 ಲಕ್ಷದವರೆಗಿದ್ದರೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17 ತೆರಿಗೆ, ಆ ತೆರಿಗೆಯ ಮೇಲೆ ಶೇ. 11 ಸೆಸ್. ಏಳು ಲಕ್ಷದ ಕಾರಿಗೆ ತೆರಿಗೆ 98,000 ರೂಪಾಯಿ, ಸೆಸ್ 10,780 ರೂಪಾಯಿ, ಒಟ್ಟು 1,08,780 ರೂಪಾಯಿ.

ಹತ್ತು ಲಕ್ಷದ ಗೆರೆಯನ್ನು ವಿಶೇಷವಾಗಿ ಗಮನಿಸಿ. 9.80 ಲಕ್ಷದ ಮ್ಯಾನುಯಲ್ ಕಾರಿಗೆ ಸೆಸ್ ಸೇರಿ 1,52,292 ರೂಪಾಯಿ ತೆರಿಗೆಯಾದರೆ, ಅದೇ ಕಾರಿನ ಆಟೊಮ್ಯಾಟಿಕ್ 50 ಸಾವಿರ ಹೆಚ್ಚಾಗಿ 10.30 ಲಕ್ಷವಾದಾಗ ತೆರಿಗೆ 1,94,361 ರೂಪಾಯಿ ಆಗುತ್ತದೆ. ಬೆಲೆಪಟ್ಟಿಯಲ್ಲಿ 50 ಸಾವಿರ ಎಂದು ಕಂಡ ಅಂತರ ಕೈಯಿಂದ ಹೋಗುವಾಗ 92 ಸಾವಿರ ದಾಟಿರುತ್ತದೆ. ಹತ್ತು ಲಕ್ಷ ಮೀರಿದ ಕಾರಿಗೆ ಶೇ. 1ರಷ್ಟು ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಇನ್ನುಳಿದದ್ದು ವಿಮೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ಆದರೆ ಅದನ್ನು ಷೋರೂಂ ಮೂಲಕವೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನಿಂದ ಒಂದೆರಡು ಕೊಟೇಷನ್ ತಂದು ಮೇಜಿನ ಮೇಲೆ ಇಟ್ಟರೆ ಷೋರೂಂನವರ ಮೊತ್ತವೂ ಇಳಿಯುವುದನ್ನು ನಾನು ಪ್ರತಿ ಸಲ ನೋಡಿದ್ದೇನೆ.

ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು? ಅವರು ಆಟೊಮ್ಯಾಟಿಕ್ ಕೊಟ್ಟು ‘ಅದೂ ಇದೇ ಥರ’ ಅಂತಾರೆ.

ಒಪ್ಪಬೇಡಿ. ನನಗೂ ಒಂದು ಷೋರೂಂನಲ್ಲಿ ಹೀಗೆಯೇ ಆಯಿತು. ಮ್ಯಾನುಯಲ್ ಟೆಸ್ಟ್ ಗಾಡಿ ಇಲ್ಲ ಎಂದು ಮೂರು ದಿನ ಹೇಳಿದವರು, ಹಾಗಾದರೆ ಬುಕ್ ಮಾಡುವುದಿಲ್ಲ ಎಂದಾಗ ಮರುದಿನ ಬೆಳಿಗ್ಗೆಯೇ ಪಕ್ಕದ ಊರಿನಿಂದ ತರಿಸಿದರು. ನೀವು ಕೊಳ್ಳುವ ಎಂಜಿನ್, ಕೊಳ್ಳುವ ಗೇರ್‌ಬಾಕ್ಸ್ ಇರುವ ಗಾಡಿಯನ್ನೇ ಓಡಿಸಿ ನೋಡಬೇಕು.

ಕೂತ ಕೂಡಲೇ ಸ್ಟಾರ್ಟ್ ಮಾಡಬೇಡಿ. ಸೀಟನ್ನು ಮುಂದೆ ತಂದು, ಎಡಗಾಲಿನಿಂದ ಕ್ಲಚ್ಚನ್ನು ನೆಲದವರೆಗೆ ಪೂರ್ತಿ ಒತ್ತಿ. ಆಗಲೂ ಮೊಣಕಾಲು ತುಸು ಬಾಗಿಯೇ ಇರಬೇಕು. ಕಾಲು ನೆಟ್ಟಗಾದರೆ ಸೀಟು ಹಿಂದಿದೆ, ಮೊಣಕಾಲು ಸ್ಟೀರಿಂಗ್‌ಗೆ ತಾಗಿದರೆ ಮುಂದಿದೆ. ಎರಡೂ ಆಗದ ಜಾಗವೇ ನಿಮಗೆ ಸಿಗದಿದ್ದರೆ ಆ ಕಾರು ನಿಮ್ಮದಲ್ಲ. ಕ್ಲಚ್ಚಿನ ಎಡಕ್ಕೆ ಪಾದ ಇಟ್ಟುಕೊಳ್ಳಲು ಡೆಡ್ ಪೆಡಲ್ ಇದೆಯೇ, ಇಲ್ಲದಿದ್ದರೆ ಪಾದ ಇಡುವಷ್ಟಾದರೂ ಜಾಗವಿದೆಯೇ ನೋಡಿ. ಆ ಜಾಗವಿಲ್ಲದ ಗಾಡಿಯಲ್ಲಿ ಎಡಗಾಲು ಕ್ಲಚ್ಚಿನ ಮೇಲೇ ಕೂರುವ ಅಭ್ಯಾಸ ಬೆಳೆಯುತ್ತದೆ, ಅದರ ಬೆಲೆಯನ್ನು ಕೊನೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ. ನಂತರ ಎಂಜಿನ್ ಆಫ್ ಇರುವಾಗಲೇ ಒಂದರಿಂದ ಐದರವರೆಗೆ ಗೇರ್ ಹಾಕಿ, ಎರಡರಿಂದ ಮೂರಕ್ಕೆ ಹೋಗುವಾಗ ಲಿವರ್ ತಾನಾಗಿ ನಡುವಿಗೆ ಬರುತ್ತದೆಯೇ ಎಂಬುದನ್ನು ಬೆರಳ ತುದಿಯಲ್ಲಿ ಅನುಭವಿಸಿ. ರಸ್ತೆಗೆ ಇಳಿದ ಮೇಲೆ ಒಂದು ಏರು, ಒಂದು ಹಂಪ್, ಒಂದು ಇಕ್ಕಟ್ಟಿನ ಗಲ್ಲಿ ಇಷ್ಟಾದರೂ ಇರಲಿ. ಹಂಪ್ ದಾಟಿದ ಮೇಲೆ ಎರಡನೇ ಗೇರಿನಲ್ಲಿ ಗಾಡಿ ತಿಣುಕದೆ ಮುಂದಕ್ಕೆ ಬಂದರೆ ನಮ್ಮ ರಸ್ತೆಗೆ ಬೇಕಾದ ಗುಣ ಆ ಎಂಜಿನ್‌ನಲ್ಲಿದೆ.

ಡೆಲಿವರಿ ದಿನ ಹಳೇ ಸ್ಟಾಕ್ ಕೊಟ್ಟಿದ್ದಾರೋ ಇಲ್ವೋ ಹೇಗೆ ಗೊತ್ತಾಗುತ್ತೆ?

ಡೆಲಿವರಿ ದಿನ ನೋಡಿದರೆ ತಡವಾಯಿತು. ನೋಂದಣಿಗೆ ಮೊದಲೇ ಯಾರ್ಡಿಗೆ ಹೋಗಿ ಗಾಡಿ ನೋಡುತ್ತೇನೆಂದು ಹೇಳಿ, ಹಗಲಿನಲ್ಲೇ ಹೋಗಿ. ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21ರಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಬರೆದಿರುತ್ತದೆ. ಅದರ ಚಾಸಿ ಸಂಖ್ಯೆ ಗಾಡಿಯ ಮೇಲಿನ 17 ಅಕ್ಷರಗಳೊಂದಿಗೆ ಹೊಂದಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತೊಂದಿರುತ್ತದೆ: ‘3225’ ಎಂದಿದ್ದರೆ 2025ರ 32ನೇ ವಾರದಲ್ಲಿ ತಯಾರಾದ ಟೈರ್ ಎಂದರ್ಥ. ಸ್ಟೆಪ್ನಿಯನ್ನೂ ಸೇರಿಸಿ ನೋಡಿ, ಏಕೆಂದರೆ ಒಂದೇ ಟೈರಿನ ತಾರೀಖು ಬೇರೆಯಾಗಿದ್ದರೆ ಕಾರಣ ಕೇಳಬೇಕಾಗುತ್ತದೆ. ಹಿಂದಿನ ವರ್ಷದ ಗಾಡಿಯಾದರೆ ತೆಗೆದುಕೊಳ್ಳಲೇಬಾರದು ಎಂದಲ್ಲ. ಮುಂದೆ ಮಾರುವಾಗ ನಿಮಗೆ ಕಡಿಮೆಯಾಗುವ ಬೆಲೆಯನ್ನು ಇಂದೇ ರಿಯಾಯಿತಿಯಾಗಿ ಕೇಳಿ ಪಡೆಯಿರಿ.

## ಮನೆಗೆ ಬಂದ ಮೇಲೆ

ಗಾಡಿ ಹೊರಡಿಸುವಾಗ ಪ್ರತಿ ಸಲ ಆಫ್ ಆಗುತ್ತೆ. ಡ್ರೈವಿಂಗ್ ಸ್ಕೂಲ್ ಗಾಡಿಯಲ್ಲಿ ಹಾಗೆ ಆಗ್ತಿರಲಿಲ್ಲ.

ಪ್ರತಿ ಗಾಡಿಯಲ್ಲೂ ಕ್ಲಚ್ ‘ಹಿಡಿಯುವ’ ಜಾಗ ಬೇರೆ ಬೇರೆ ಇರುತ್ತದೆ. ಎಂಜಿನ್‌ಗೆ ಸೇರಿದ ಫ್ಲೈವೀಲ್ ತಿರುಗುತ್ತಿರುತ್ತದೆ, ಗೇರ್‌ಬಾಕ್ಸ್ ಕಡೆಯ ಕ್ಲಚ್ ಪ್ಲೇಟ್ ನಿಂತಿರುತ್ತದೆ. ನೀವು ಪೆಡಲ್ ಬಿಡುತ್ತ ಬಂದಂತೆ ಇವೆರಡೂ ತಾಗಿ ಉಜ್ಜಿಕೊಂಡು ಒಂದಾಗುತ್ತವೆ. ಆ ಉಜ್ಜುವಿಕೆಗೆ ಒಂದೆರಡು ಕ್ಷಣ ಕೊಡದೆ ಪೆಡಲ್ ಬಿಟ್ಟರೆ ಎಂಜಿನ್ ನಿಂತುಹೋಗುತ್ತದೆ.

ನನ್ನ ತಂಗಿಯ ಮಗಳಿಗೆ ಇದನ್ನು ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಕಲಿಸಿದೆ. ಚಪ್ಪಲಿ ಬಿಡಿಸಿ, ಬಲಗಾಲನ್ನು ಆಕ್ಸಿಲರೇಟರಿನಿಂದ ಪೂರ್ತಿ ತೆಗೆಸಿ, ಮೊದಲನೇ ಗೇರ್ ಹಾಕಿಸಿ, ಹಿಮ್ಮಡಿಯನ್ನು ನೆಲಕ್ಕೂರಿ ಕ್ಲಚ್ಚನ್ನು ಕಾಗದದ ದಪ್ಪದಷ್ಟು ಕಾಗದದ ದಪ್ಪದಷ್ಟೇ ಬಿಡಮ್ಮ ಎಂದೆ. ಮೂರು ಸಲ ಆಫ್ ಆಯಿತು. ನಾಲ್ಕನೇ ಸಲ ಎಂಜಿನ್ ಸದ್ದು ಕೊಂಚ ತಗ್ಗಿತು, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ಸಣ್ಣಗೆ ನಡುಗಿತು, ಅಲ್ಲೇ ಕಾಲು ತಡೆದಳು. ಗಾಡಿ ಆಕ್ಸಿಲರೇಟರ್ ಇಲ್ಲದೆಯೇ ಮೆಲ್ಲಗೆ ಉರುಳತೊಡಗಿತು. ಸಮತಟ್ಟು ನೆಲದಲ್ಲಿ ಹೀಗೆ ಇಪ್ಪತ್ತು ಸಲ ಮಾಡಿದರೆ ಆ ಜಾಗ ನಿಮ್ಮ ಪಾದಕ್ಕೆ ಗೊತ್ತಾಗುತ್ತದೆ, ಆಮೇಲೆ ಕಣ್ಣು ರಸ್ತೆಯ ಮೇಲಿದ್ದರೆ ಸಾಕು.

ಮೊದಲ 1,000 ಕಿ.ಮೀ. ನಿಧಾನ ಓಡಿಸಬೇಕು ಅನ್ನೋದು ಇನ್ನೂ ನಿಜವಾ?

ನಿಜ, ಆದರೆ ‘ನಿಧಾನ’ ಎಂಬುದಕ್ಕಿಂತ ‘ಒಂದೇ ವೇಗದಲ್ಲಿ ಬೇಡ’ ಎಂಬುದು ಹೆಚ್ಚು ಸರಿ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಹಿಡಿಯುವುದು, ಪೂರ್ತಿ ಆಕ್ಸಿಲರೇಟರ್ ತುಳಿಯುವುದು, ಮೇಲಿನ ಗೇರಿನಲ್ಲಿ ಎಂಜಿನ್ನನ್ನು ತಿಣುಕಿಸುವುದು ಮೂರೂ ಬೇಡ. ಹೊಸ ಬ್ರೇಕ್ ಪ್ಯಾಡ್‌ಗಳೂ ಹೊಸ ಟೈರುಗಳೂ ಹಿಡಿತಕ್ಕೆ ಬರಲು ಕೆಲವು ನೂರು ಕಿಲೋಮೀಟರ್ ಬೇಕಾದ್ದರಿಂದ ಮುಂದಿನ ಗಾಡಿಯಿಂದ ಹೆಚ್ಚು ಅಂತರ ಇಟ್ಟುಕೊಳ್ಳಿ.

ಎಷ್ಟು ಸ್ಪೀಡಿಗೆ ಯಾವ ಗೇರ್?

1.2 ಲೀಟರ್ ಪೆಟ್ರೋಲ್ ಗಾಡಿಯಲ್ಲಿ, ಸಮತಟ್ಟು ರಸ್ತೆಯಲ್ಲಿ, ಸುಮಾರು 15 ಕಿ.ಮೀ. ವೇಗಕ್ಕೆ ಎರಡು, 30ಕ್ಕೆ ಮೂರು, 45ಕ್ಕೆ ನಾಲ್ಕು, 60ರ ಹತ್ತಿರ ಐದು ಎಂದಿಟ್ಟುಕೊಳ್ಳಬಹುದು. ಆದರೆ ವೇಗಕ್ಕಿಂತ ಎಂಜಿನ್ ಸದ್ದನ್ನು ಕೇಳುವುದು ಉತ್ತಮ. ಆಕ್ಸಿಲರೇಟರ್ ತುಳಿದರೂ ಗಾಡಿ ಮುಂದಕ್ಕೆ ಬರದೆ ಗುಡುಗುಡು ಎಂದರೆ ಒಂದು ಗೇರ್ ಇಳಿಸಬೇಕು. ಪೆಟ್ರೋಲ್ ಉಳಿಸಲು ಬೇಗ ಬೇಗ ಮೇಲಿನ ಗೇರಿಗೆ ಹೋಗಿ ಏರಿನಲ್ಲೂ ಅಲ್ಲಿಯೇ ಇರುವವರು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಹೊರೆ ಹೇರುತ್ತಿರುತ್ತಾರೆ, ಪೆಟ್ರೋಲ್ ಕೂಡ ಉಳಿಯುವುದಿಲ್ಲ.

ರಿವರ್ಸ್ ಹಾಕುವಾಗ ಕರ್ ಅಂತ ಸದ್ದು ಬರುತ್ತೆ. ಹೊಸ ಗಾಡಿ, ಗೇರ್‌ಬಾಕ್ಸ್ ಹಾಳಾಗಿದೆಯಾ?

ಬಹುಮಟ್ಟಿಗೆ ಇಲ್ಲ. ಮುಂದಿನ ಗೇರುಗಳಿಗೆ ವೇಗ ಹೊಂದಿಸುವ ಸಿಂಕ್ರೊನೈಸರ್ ಇರುತ್ತದೆ, ಎಷ್ಟೋ ಸಣ್ಣ ಕಾರುಗಳ ರಿವರ್ಸಿಗೆ ಅದು ಇರುವುದಿಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ಒತ್ತಿ, ಎರಡು ಸೆಕೆಂಡ್ ತಾಳಿ, ಆಮೇಲೆ ರಿವರ್ಸ್ ಹಾಕಿ. ಆಗಲೂ ಕೂರದಿದ್ದರೆ ನ್ಯೂಟ್ರಲ್‌ಗೆ ತಂದು ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿ ಹಾಕಿ. ಹೀಗೆ ಮಾಡಿದರೂ ಸದ್ದು ಬರುತ್ತಿದ್ದರೆ ವಾರಂಟಿಯಲ್ಲಿ ತೋರಿಸಿ.

ಮಗ ಅಮೆರಿಕದಲ್ಲಿದ್ದಾನೆ, ಆಟೊಮ್ಯಾಟಿಕ್ ಮಾತ್ರ ಗೊತ್ತು. ರಜೆಗೆ ಬಂದಾಗ ನಮ್ಮ ಗಾಡಿ ಓಡಿಸಬಹುದಾ?

ಅವರ ಭಾರತದ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಅಥವಾ ಅಲ್ಲಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ತಂದಿದ್ದರೆ ಕಾನೂನಿನ ತೊಡಕಿಲ್ಲ. ತೊಡಕಿರುವುದು ಕೈಕಾಲಿನ ಅಭ್ಯಾಸದಲ್ಲಿ. ಪೆಡಲ್‌ಗಳ ಕ್ರಮ ಎರಡೂ ಕಡೆ ಒಂದೇ, ಎಡಗಡೆ ಕ್ಲಚ್ ಒಂದು ಹೆಚ್ಚು. ಆದರೆ ಇಲ್ಲಿ ಗೇರ್ ಎಡಗೈಗೆ ಬರುತ್ತದೆ, ಬಹುತೇಕ ಸಣ್ಣ ಕಾರುಗಳಲ್ಲಿ ಇಂಡಿಕೇಟರ್ ಬಲಗೈಗೆ ಬರುತ್ತದೆ. ಆಟೊಮ್ಯಾಟಿಕ್‌ನವರ ಎಡಗಾಲು ಗಾಬರಿಯಲ್ಲಿ ಕ್ಲಚ್ಚನ್ನು ಮರೆತುಬಿಡುವುದೇ ಮುಖ್ಯ ಅಪಾಯ. ಎರಡು ಬೆಳಿಗ್ಗೆ ಮೈದಾನದಲ್ಲಿ ಅಭ್ಯಾಸ ಮಾಡಿಸಿ, ಮೊದಲ ವಾರ ಪೇಟೆಯೊಳಗೆ ಬೇಡ. ಬ್ರಿಟನ್ನಿನಲ್ಲಿರುವವರಿಗೆ ಇನ್ನೊಂದು ವಿಷಯ: ಅಲ್ಲಿ ಆಟೊಮ್ಯಾಟಿಕ್‌ನಲ್ಲಿ ಪರೀಕ್ಷೆ ಪಾಸಾದವರ ಲೈಸೆನ್ಸ್ ಆಟೊಮ್ಯಾಟಿಕ್‌ಗೆ ಮಾತ್ರ ಸಲ್ಲುತ್ತದೆ.

## ಘಾಟಿ, ಮಳೆ ಮತ್ತು ಕ್ಲಚ್ಚಿನ ಆಯುಸ್ಸು

ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಹಿಂದಕ್ಕೆ ಜಾರುತ್ತೆ. ಹಿಂದೆ ಲಾರಿ ನಿಂತಿದ್ದರೆ ಕೈಕಾಲು ನಡುಗುತ್ತೆ.

ಹ್ಯಾಂಡ್ ಬ್ರೇಕನ್ನು ನಂಬಿ. ಗಾಡಿ ನಿಂತ ಕೂಡಲೇ ಹ್ಯಾಂಡ್ ಬ್ರೇಕ್ ಎಳೆಯಿರಿ. ಮೊದಲನೇ ಗೇರ್ ಹಾಕಿ, ಆಕ್ಸಿಲರೇಟರ್ ತುಸು ಕೊಟ್ಟು, ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತನ್ನಿ. ಬಾನೆಟ್ ಒಂದಿಷ್ಟು ಮೇಲೆದ್ದಂತೆ, ಗಾಡಿ ಹ್ಯಾಂಡ್ ಬ್ರೇಕ್ ವಿರುದ್ಧ ಎಳೆಯುತ್ತಿರುವಂತೆ ಅನಿಸಿದಾಗ ಗುಂಡಿ ಒತ್ತಿ ಬ್ರೇಕ್ ಇಳಿಸಿ. ಒಂದು ಅಂಗುಲವೂ ಹಿಂದೆ ಹೋಗುವುದಿಲ್ಲ. ಹಿಲ್ ಹೋಲ್ಡ್ ಇರುವ ಗಾಡಿಗಳು ಒಂದೆರಡು ಸೆಕೆಂಡ್ ತಾವೇ ಹಿಡಿಯುತ್ತವೆ, ಆದರೂ ಈ ವಿದ್ಯೆ ಕಲಿತಿರಬೇಕು. ಕ್ಲಚ್ ಮತ್ತು ಆಕ್ಸಿಲರೇಟರ್ ಎರಡನ್ನೂ ಅರ್ಧರ್ಧ ಒತ್ತಿ ಗಾಡಿಯನ್ನು ಏರಿನಲ್ಲಿ ತೂಗುತ್ತ ನಿಲ್ಲಿಸುವುದು ಜಾಣತನದಂತೆ ಕಾಣುತ್ತದೆ. ಶಿರಾಡಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತ ದಿನ ಕಿಟಕಿ ಇಳಿಸಿದರೆ ಮೂಗಿಗೆ ಅಡರುವ ಸುಟ್ಟ ವಾಸನೆ ಆ ಜಾಣತನದ್ದೇ.

ಇಕ್ಕಟ್ಟಾದ ಘಾಟಿಯಲ್ಲಿ ಹತ್ತುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ಸಂಚಾರ ನಿಯಮ. ಇಳಿಯುವವರು ಇದನ್ನು ಪಾಲಿಸಿದರೆ ಹತ್ತುವವರು ಏರಿನ ನಡುವೆ ನಿಲ್ಲುವ ಪ್ರಸಂಗವೇ ಕಡಿಮೆಯಾಗುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತೆ ಅಂತ ನಮ್ಮ ಮಾವ ಹೇಳ್ತಾರೆ.

ಕಾರ್ಬೊರೇಟರ್ ಕಾಲದ ಗಾಡಿ ಓಡಿಸಿದ ಹಿರಿಯರು ಅನುಭವದಿಂದ ಹೇಳುವ ಮಾತಿದು, ಇಂದಿನ ಗಾಡಿಗೆ ಅನ್ವಯಿಸುವುದಿಲ್ಲ. ಈಗಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲ್ ಪೂರೈಕೆ ನಿಂತುಬಿಡುತ್ತದೆ. ನ್ಯೂಟ್ರಲ್ ಮಾಡಿದ ಕೂಡಲೇ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಮತ್ತೆ ಪೆಟ್ರೋಲ್ ಕುಡಿಯತೊಡಗುತ್ತದೆ.

ಉಳಿತಾಯಕ್ಕಿಂತ ಪ್ರಾಣದ ವಿಷಯ ದೊಡ್ಡದು. ನ್ಯೂಟ್ರಲ್‌ನಲ್ಲಿ ಗಾಡಿಯ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ, ಬ್ರೇಕ್ ಕಾದಂತೆ ಹಿಡಿತ ಸಡಿಲವಾಗುತ್ತದೆ. ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಇಳಿಯುವವರು ಮೊದಲ ತಿರುವಿಗೆ ಮುನ್ನವೇ ಎರಡನೇ ಗೇರಿಗೆ ಬಂದಿರಬೇಕು. ಬ್ರೇಕನ್ನು ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ಬಿಡಬೇಕು, ಉದ್ದಕ್ಕೂ ಸವರುತ್ತ ಇರಬಾರದು. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕೆಂದು ಬಸ್ ಚಾಲಕರು ಹೇಳುವ ಲೆಕ್ಕ ಸಣ್ಣ ಕಾರಿಗೂ ಸರಿಹೊಂದುತ್ತದೆ.

ಗೇರ್ ಇಳಿಸುವಾಗ ಗಾಡಿ ಜಗ್ಗಿದಂತಾಗುತ್ತೆ, ಹಿಂದೆ ಕೂತವರು ಮುಂದಕ್ಕೆ ಬೀಳ್ತಾರೆ.

ನಾಲ್ಕರಿಂದ ಮೂರಕ್ಕೆ ಬಂದಾಗ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ನೀವು ಕ್ಲಚ್ ಬಿಟ್ಟ ಕ್ಷಣ ಎಂಜಿನ್ ನಿಧಾನವಾಗಿದ್ದರೆ ಚಕ್ರಗಳು ಅದನ್ನು ಎಳೆದು ವೇಗಕ್ಕೆ ತರುತ್ತವೆ, ಆ ಎಳೆತವೇ ನಿಮಗೆ ಜಗ್ಗಿದಂತೆ ಅನಿಸುವುದು. ಕ್ಲಚ್ ಒತ್ತಿ ಗೇರ್ ಇಳಿಸಿದ ಮೇಲೆ, ಬಿಡುವ ಮೊದಲು ಆಕ್ಸಿಲರೇಟರನ್ನು ಒಮ್ಮೆ ಮೆಲ್ಲಗೆ ತಟ್ಟಿ. ಎಂಜಿನ್ ಸದ್ದು ಏರಿದ ಆ ಹೊತ್ತಿಗೆ ಕ್ಲಚ್ ಬಿಟ್ಟರೆ ಗೇರ್ ಬದಲಾದದ್ದೇ ಒಳಗಿನವರಿಗೆ ತಿಳಿಯುವುದಿಲ್ಲ. ಕಲಿಯಲು ಒಂದು ತಿಂಗಳು ಬೇಕು. ಮಡಿಲಲ್ಲಿ ಮಗು ಮಲಗಿಸಿಕೊಂಡು ಹಿಂದೆ ಕೂತವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ?

ಸೈಲೆನ್ಸರ್ ಬಾಯಿ ಮುಳುಗುವಷ್ಟಿದ್ದರೆ, ಅಥವಾ ಸೆಳೆತವಿದ್ದರೆ, ಇಳಿಯಬೇಡಿ. ಅದಕ್ಕಿಂತ ಕಡಿಮೆಯಿದ್ದರೆ ಮೊದಲನೇ ಗೇರಿನಲ್ಲಿ, ಒಂದೇ ಸಮನಾದ ಆಕ್ಸಿಲರೇಟರಿನಲ್ಲಿ, ನಡುವೆ ಗೇರ್ ಬದಲಿಸದೆ ದಾಟಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ಹೊಕ್ಕ ನೀರನ್ನು ಪಿಸ್ಟನ್ ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ರಕ್ಷಣೆಯ ಪ್ರತ್ಯೇಕ ವಿಮೆ ಇಲ್ಲದಿದ್ದರೆ ಆ ಖರ್ಚು ಸಾಮಾನ್ಯವಾಗಿ ನಿಮ್ಮದೇ.

ಬ್ಯಾಟರಿ ಡೌನ್ ಆದರೆ ಈಗಿನ ಗಾಡಿಯನ್ನೂ ತಳ್ಳಿ ಸ್ಟಾರ್ಟ್ ಮಾಡಬಹುದಾ?

ಬ್ಯಾಟರಿಯಲ್ಲಿ ಡ್ಯಾಶ್‌ಬೋರ್ಡಿನ ದೀಪ ಬೆಳಗುವಷ್ಟಾದರೂ ಶಕ್ತಿ ಉಳಿದಿದ್ದರೆ ಸಾಧ್ಯ. ಇಗ್ನಿಷನ್ ಆನ್ ಮಾಡಿ, ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿಕೊಂಡು, ಗಾಡಿ ಓಟದ ನಡಿಗೆಯ ವೇಗಕ್ಕೆ ಬಂದಾಗ ತಟ್ಟನೆ ಬಿಟ್ಟು ಮತ್ತೆ ಒತ್ತಿ. ದೀಪವೇ ಬರದಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಯಾವುದೂ ಕೆಲಸ ಮಾಡುವುದಿಲ್ಲ. ಪದೇ ಪದೇ ತಳ್ಳಿದರೆ ಉರಿಯದ ಪೆಟ್ರೋಲ್ ಹೋಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ, ಹಾಗಾಗಿ ಜಂಪರ್ ಕೇಬಲ್ ಇಟ್ಟುಕೊಳ್ಳುವುದೇ ಸರಿ.

ಕ್ಲಚ್ ಎಷ್ಟು ಕಿಲೋಮೀಟರ್ ಬರುತ್ತೆ? ಸರ್ವಿಸ್‌ನವರು ‘ಬದಲಾಯಿಸಬೇಕು’ ಅಂದರೆ ನಂಬಬಹುದಾ?

ಇಷ್ಟೇ ಎಂದು ಹೇಳಲಾಗದು, ಏಕೆಂದರೆ ಅದು ಗಾಡಿಗಿಂತ ಎಡಗಾಲನ್ನು ಅವಲಂಬಿಸಿದೆ. ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದರ ಕ್ಲಚ್ 30 ಸಾವಿರಕ್ಕೆ ಸುಟ್ಟದ್ದನ್ನೂ ಇನ್ನೊಂದರದು ಒಂದು ಲಕ್ಷ ದಾಟಿದ್ದನ್ನೂ ನಮ್ಮ ಬಂಧುಗಳಲ್ಲೇ ನೋಡಿದ್ದೇನೆ. ಮೊದಲನೆಯವರು ಪೆಡಲ್ ಮೇಲೆ ಪಾದ ಇಟ್ಟುಕೊಂಡೇ ಓಡಿಸುತ್ತಿದ್ದರು, ಸಿಗ್ನಲ್‌ನಲ್ಲಿ ಗೇರ್ ಹಾಕಿ ಕ್ಲಚ್ ಒತ್ತಿಯೇ ನಿಲ್ಲುತ್ತಿದ್ದರು. ಎರಡನೆಯವರು ನಿಂತ ಕೂಡಲೇ ನ್ಯೂಟ್ರಲ್ ಮಾಡಿ ಪಾದ ತೆಗೆಯುತ್ತಿದ್ದರು.

ಪರೀಕ್ಷೆ ನೀವೇ ಮಾಡಬಹುದು. ಖಾಲಿ ರಸ್ತೆಯ ಸಣ್ಣ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ 45ರ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ವೇಗ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಏರಿದರೆ ಪ್ಲೇಟ್ ಜಾರುತ್ತಿದೆ, ಬದಲಿಸಲೇಬೇಕು. ಮುಳ್ಳೂ ವೇಗವೂ ಒಟ್ಟಿಗೆ ಮೆಲ್ಲಗೆ ಏರಿದರೆ ಕ್ಲಚ್ ಚೆನ್ನಾಗಿದೆ. ಪೆಡಲ್ ಬಿಗಿಯಾಗಿದೆ ಎಂಬುದಷ್ಟೇ ದೂರಾದರೆ ಮೊದಲು ಕೇಬಲ್ ನೋಡಲು ಹೇಳಿ. ಬದಲಿಸುವ ಸಂದರ್ಭ ಬಂದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಏಕೆಂದರೆ ಪ್ರತಿ ಸಲವೂ ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು. ಗೇರ್‌ಬಾಕ್ಸ್ ಇಳಿಸಿದಾಗ ಹತ್ತಿರ ನಿಂತು ಫ್ಲೈವೀಲ್ ನೋಡಿ, ಸುಟ್ಟ ನೀಲಿ ಕಲೆಗಳಿದ್ದರೆ ಅದನ್ನು ಮಟ್ಟಮಾಡಿಸದೆ ಹೊಸ ಪ್ಲೇಟ್ ಕೂರಿಸಲು ಬಿಡಬೇಡಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆದುಕೊಳ್ಳಿ.